ಸರಸ್ವತಿ ಪಟ ಬರೆದವರು

ನಮ್ಮ ಹೈಸ್ಕೂಲಿನಲ್ಲಿ ಶುಕ್ರವಾರದ ಪೂಜೆಗೆ ಇಡುತ್ತಿದ್ದ ಸರಸ್ವತಿಯ ಪಟ ಹಳೆಯ ವಿದ್ಯಾರ್ಥಿಗಳಿಗೆಲ್ಲ ನೆನಪಿರಬಹುದು. ಬಿಳಿ ಸೀರೆ, ಕೈಯಲ್ಲಿ ವೀಣೆ, ಪಕ್ಕದಲ್ಲಿ ನವಿಲು. ಅದನ್ನು ಬರೆದವರು ಯಾರೆಂದು ನಾವ್ಯಾರೂ ಕೇಳಲಿಲ್ಲ. ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಚಿತ್ರದುರ್ಗದಲ್ಲಿ ಗೆಳೆಯನ ಮನೆಯಲ್ಲಿ ಕೇತನ್ ಮೆಹ್ತಾ ನಿರ್ದೇಶನದ 'ರಂಗ್ ರಸಿಯಾ' ಹಿಂದಿ ಸಿನಿಮಾ ನೋಡಿದಾಗ. ರಣಜಿತ್ ದೇಸಾಯಿಯವರ ಮರಾಠಿ ಕಾದಂಬರಿಯನ್ನು ಆಧರಿಸಿದ ಈ ಚಿತ್ರ ನಮ್ಮ ದೇಶದಲ್ಲಿ ತೆರೆಕಂಡದ್ದು 2014ರಲ್ಲಿ. ರಾಜಾ ರವಿವರ್ಮರ ಪಾತ್ರದಲ್ಲಿ ರಣದೀಪ್ ಹೂಡಾ ಚೆನ್ನಾಗಿ ಅಭಿನಯಿಸಿದ್ದಾರೆ.

ರವಿವರ್ಮರು ಹುಟ್ಟಿದ್ದು 1848ರ ಏಪ್ರಿಲ್ 29ರಂದು, ಕೇರಳದ ಕಿಳಿಮಾನೂರಿನಲ್ಲಿ. ಸೋದರಮಾವನೇ ಮೊದಲ ಗುರು. ಬಾಲಕನಾಗಿದ್ದಾಗಲೇ ತಿರುವನಂತಪುರದ ಅರಮನೆ ಸೇರಿದರು. ತೈಲವರ್ಣದ ಗುಟ್ಟನ್ನು ಆಗ ಯಾರೂ ಸುಲಭವಾಗಿ ಬಿಟ್ಟುಕೊಡುತ್ತಿರಲಿಲ್ಲ. ನೋಡಿ ನೋಡಿ, ಮಾಡಿ ಮಾಡಿ ಕಲಿತರು. 1873ರಲ್ಲಿ ವಿಯೆನ್ನಾದ ಪ್ರದರ್ಶನದಲ್ಲಿ ಬಹುಮಾನ ಬಂತು. ಬರೋಡ, ಮೈಸೂರು ಅರಮನೆಗಳಿಗೆ ಪುರಾಣದ ಚಿತ್ರ ಬರೆದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಚಿತ್ರಗಳನ್ನು ಇಂದಿಗೂ ನೋಡಬಹುದು.

ಅರಮನೆಯ ಗೋಡೆಗಷ್ಟೇ ಚಿತ್ರ ಬರೆದುಕೊಂಡಿದ್ದರೆ ಅವರಿಗೆ ಕಷ್ಟವಿರಲಿಲ್ಲ. ಆದರೆ 1894ರಲ್ಲಿ ಜರ್ಮನಿಯ ಯಂತ್ರ ತರಿಸಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು; ಒಂದರ ಮೇಲೊಂದು ಒತ್ತಿದಾಗ ಲಕ್ಷ್ಮಿಯೋ ಸರಸ್ವತಿಯೋ ಮೂಡುತ್ತಿದ್ದಳು. ಪ್ಲೇಗು ಬಂತು, ಮುದ್ರಣಾಲಯ ಲೋಣಾವಳದ ಹತ್ತಿರಕ್ಕೆ ಹೋಯಿತು. ಸಾಲ ಏರಿತು. ಕೊನೆಗೆ ಅದನ್ನು ತಮ್ಮಲ್ಲೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞನಿಗೆ ಮಾರಬೇಕಾಯಿತು. 1906ರ ಅಕ್ಟೋಬರ್ 2ರಂದು ರವಿವರ್ಮರು ತೀರಿಕೊಂಡರು. ಪಟಗಳು ಮಾತ್ರ ಊರೂರಿಗೂ ಹೋಗುತ್ತಲೇ ಇದ್ದವು.

ಸಿನಿಮಾದಲ್ಲಿ ಪ್ರೇಮಪ್ರಸಂಗಕ್ಕೂ ಕೋರ್ಟಿನ ವಾದಕ್ಕೂ ಹೆಚ್ಚು ಜಾಗ ಸಿಕ್ಕಿದೆ. ನನಗೆ ಮುದ್ರಣಾಲಯದ ಭಾಗವೇ ಇನ್ನಷ್ಟು ಬೇಕಿತ್ತು ಅನ್ನಿಸಿತು. ಕಾರಣ ನನ್ನ ಅಜ್ಜಿ.

ನಮ್ಮ ಕೇರಿಯವರಿಗೆ ದೇವಸ್ಥಾನದೊಳಗೆ ಪ್ರವೇಶವಿರಲಿಲ್ಲ. ಅಜ್ಜಿ ದೂರದಿಂದಲೇ ಕೈಮುಗಿಯುತ್ತಿದ್ದಳು. ಗರ್ಭಗುಡಿಯಲ್ಲಿ ಏನಿದೆಯೆಂದು ಅವಳು ಕಂಡವಳಲ್ಲ. ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಯಲ್ಲಿ ಕೊಂಡು ತಂದ ಲಕ್ಷ್ಮಿಯ ಪಟ ನಮ್ಮ ಮಣ್ಣಿನ ಗೋಡೆಯಲ್ಲಿತ್ತು. ಅವಳು ಹತ್ತಿರದಿಂದ ಮುಖ ನೋಡಿದ ದೇವರು ಅದೊಂದೇ. ರವಿವರ್ಮರು ಬರೆದ ಲಕ್ಷ್ಮಿಯ ಹಾಗೆಯೇ ಅವಳೂ ತಾವರೆಯ ಮೇಲೆ ನಿಂತಿದ್ದಳು.

ಎಂಟನೇ ತರಗತಿಯಲ್ಲಿದ್ದಾಗ ಒಂದು ಶುಕ್ರವಾರ ನಮ್ಮ ಮೇಷ್ಟ್ರು ಎಲ್ಲರ ಮುಂದೆ ನನ್ನನ್ನು ಕರೆದು ಸರಸ್ವತಿಗೆ ಹೂವೇರಿಸಲು ಹೇಳಿದರು. ನನ್ನ ಕೈ ನಡುಗಿತು. ಸಂಜೆ ಅಜ್ಜಿಗೆ ಹೇಳಿದೆ. ಪಟವನ್ನು ಮುಟ್ಟಿದೆಯಾ ಎಂದು ಎರಡು ಸಲ ಕೇಳಿದಳು. ಆಮೇಲೆ ಏನೂ ಮಾತಾಡದೆ ಒಲೆ ಹಚ್ಚಿದಳು.

ಸಿನಿಮಾ ಮುಗಿದಾಗ ನನಗೆ ನೆನಪಾದದ್ದು ಆ ಸಂಜೆ. ಶಾಲೆಯಲ್ಲಿ ಆ ಪಟ ಈಗಲೂ ಇದ್ದರೆ, ಸುವರ್ಣ ಮಹೋತ್ಸವದ ನೆನಪಿಗೆ ಅದಕ್ಕೆ ಹೊಸ ಕಟ್ಟು ಹಾಕಿಸಿ, ಕೆಳಗೆ ಬರೆದವರ ಹೆಸರು ಬರೆಸೋಣ. ಖರ್ಚು ನನ್ನದಿರಲಿ.