ಜಾಕ್ ಪ್ಲಾಂಟನ ಮುಖವಾಡ

ಹಾಕಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಮೈದಾನ, ಬಾಗಿದ ಕೋಲು, ಬಿಳಿಯ ಚೆಂಡು. ಕೆನಡಾ ದೇಶದಲ್ಲಿ ಆ ಹೆಸರಿನಿಂದ ಕರೆಯುವ ಆಟವೇ ಬೇರೆ. ಚಳಿಗಾಲದಲ್ಲಿ ಅಲ್ಲಿಯ ನದಿ ಕೆರೆಗಳು ಹೆಪ್ಪುಗಟ್ಟುತ್ತವೆ. ಉಕ್ಕಿನ ಅಲಗುಳ್ಳ ಸ್ಕೇಟುಗಳನ್ನು ಕಾಲಿಗೆ ತೊಟ್ಟು, ಮಂಜುಗಡ್ಡೆಯ ಮೇಲೆ ಜಾರುತ್ತ ಆಡುವ ಆಟ ಅದು. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ ಇರುತ್ತದೆ. ಅದರ ಅಡ್ಡಗಲ 3 ಅಂಗುಲ, ದಪ್ಪ 1 ಅಂಗುಲ, ತೂಕ ಸುಮಾರು 170 ಗ್ರಾಂ. ನುರಿತ ಆಟಗಾರನು ಬಾರಿಸಿದರೆ ಅದು ಗಂಟೆಗೆ 150 ಕಿಲೊಮೀಟರಿಗೂ ಮಿಕ್ಕ ವೇಗದಿಂದ ಹಾರಿಬರುವುದುಂಟು. 1950ರ ದಶಕದಲ್ಲಿ ಅದರ ಎದುರು ನಿಲ್ಲುತ್ತಿದ್ದ ಗೋಲುರಕ್ಷಕನ ಕಾಲಿಗೆ ದಪ್ಪನೆಯ ಮೆತ್ತೆಗಳಿದ್ದವು, ಕೈಗೆ ಗವಸುಗಳಿದ್ದವು, ಎದೆಗೆ ಕವಚವಿತ್ತು. ಮುಖ ಮಾತ್ರ ಬರಿದಾಗಿತ್ತು. ಆ ವಾಡಿಕೆಯನ್ನು ಮುರಿದವನು ಜಾಕ್ ಪ್ಲಾಂಟ್.

ಪ್ಲಾಂಟನು 1929ರ ಜನವರಿ 17ರಂದು ಕ್ವಿಬೆಕ್ ಪ್ರಾಂತದ ಹಳ್ಳಿಯೊಂದರ ಮರದ ಮನೆಯಲ್ಲಿ ಹುಟ್ಟಿದನು. ಹನ್ನೊಂದು ಮಕ್ಕಳಲ್ಲಿ ಅವನೇ ಹಿರಿಯ. ತಂದೆ ಶಾವಿನಿಗನ್ ಪಟ್ಟಣದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದನು. ಮನೆಯಲ್ಲಿ ಬಡತನವಿತ್ತು. ಮಗನ ಮೊದಲ ಹಾಕಿಕೋಲನ್ನು ತಂದೆಯೇ ಮರದ ಬೇರಿನಿಂದ ಕೆತ್ತಿಕೊಟ್ಟನು. ತಾಯಿ ಉಣ್ಣೆಯ ಹೆಣಿಗೆಯನ್ನು ಕಲಿಸಿದಳು. ತನ್ನ ಟೋಪಿಗಳನ್ನು ತಾನೇ ಹೆಣೆದುಕೊಳ್ಳುವ ಆ ಅಭ್ಯಾಸವನ್ನು ಅವನು ಪ್ರಸಿದ್ಧನಾದ ಮೇಲೂ ಬಿಡಲಿಲ್ಲ. ಬಾಲ್ಯದಲ್ಲಿಯೇ ಉಬ್ಬಸ ರೋಗ ತಗುಲಿದುದರಿಂದ ಬಹಳ ಹೊತ್ತು ಸ್ಕೇಟಿನ ಮೇಲೆ ಓಡಾಡುವುದು ಅವನಿಗೆ ಸಾಧ್ಯವಾಗುತ್ತಿರಲಿಲ್ಲ. ಆದಕಾರಣ ಗೋಲಿನ ಮುಂದೆ ನಿಂತನು. ಹದಿನೈದನೆಯ ವಯಸ್ಸಿನಲ್ಲಿ ಕಾರ್ಖಾನೆಯ ತಂಡವೊಂದಕ್ಕೆ ಆಡತೊಡಗಿದಾಗ, ತಂದೆಯ ಸಲಹೆಯಂತೆ ಸಂಬಳ ಕೇಳಿದನು. ಯಾರಿಗೂ ಹೇಳಬಾರದೆಂಬ ಕರಾರಿನ ಮೇಲೆ ಪಂದ್ಯಕ್ಕೆ 50 ಸೆಂಟು ದೊರೆಯಿತು. ವೃತ್ತಿಜೀವನದ ಮೊದಲ ಗಳಿಕೆ ಅದೇ.

1950ರ ದಶಕದ ಆರಂಭದಲ್ಲಿ ಅವನು ಮಾಂಟ್ರಿಯಲ್ ಕೆನೇಡಿಯನ್ಸ್ ತಂಡವನ್ನು ಸೇರಿದನು. ಅವನ ಆಟದ ರೀತಿ ಹಳಬರಿಗೆ ಹಿಡಿಸಲಿಲ್ಲ. ಗೋಲುರಕ್ಷಕನು ತನ್ನ ಬಲೆಯನ್ನು ಬಿಟ್ಟು ಕದಲಬಾರದೆಂಬುದು ಅಂದಿನ ನಂಬಿಕೆ. ಪ್ಲಾಂಟನಾದರೋ ಮುಂದೆ ಬಂದು ಪಕ್ಕನ್ನು ತಡೆಯುವನು, ಬಲೆಯ ಹಿಂದಕ್ಕೂ ಹೋಗಿ ಅದನ್ನು ತನ್ನವರಿಗೆ ದಾಟಿಸುವನು. ಇದು ಹುಡುಗಾಟವಲ್ಲ, ಯೋಚಿಸಿ ಮಾಡಿದ ಕೆಲಸ ಎಂಬುದನ್ನು ಫಲಿತಾಂಶಗಳೇ ತೋರಿಸಿಕೊಟ್ಟವು. 1956ರಿಂದ 1960ರವರೆಗೆ ಅವನ ತಂಡವು ಸತತವಾಗಿ ಐದು ಬಾರಿ ಸ್ಟಾನ್ಲಿ ಕಪ್ಪನ್ನು ಗೆದ್ದಿತು. ಆ ಐದು ವರ್ಷವೂ ಶ್ರೇಷ್ಠ ಗೋಲುರಕ್ಷಣೆಗಾಗಿ ಕೊಡುವ ವೆಜಿನಾ ಪಾರಿತೋಷಕ ಅವನದಾಯಿತು.

ಆದರೆ ಈ ಕೀರ್ತಿಗೆ ಅವನ ಮುಖವು ತೆತ್ತ ಬೆಲೆ ಸಣ್ಣದಲ್ಲ. ಮೂಗು ಮುರಿಯಿತು, ಎರಡು ಕೆನ್ನೆಗಳ ಮೂಳೆಗಳೂ ಮುರಿದವು. ಅಂದಿನ ಗೋಲುರಕ್ಷಕರೆಲ್ಲರ ಪಾಡೂ ಹೆಚ್ಚುಕಡಿಮೆ ಇದೇ. 1930ರಲ್ಲಿ ಕ್ಲಿಂಟ್ ಬೆನೆಡಿಕ್ಟ್ ಎಂಬಾತನು ಮೂಗು ಒಡೆದ ಬಳಿಕ ಚರ್ಮದ ಮುಖವಾಡ ಕಟ್ಟಿಕೊಂಡು ಕೆಲವೇ ಪಂದ್ಯಗಳನ್ನಾಡಿ, ಕಣ್ಣಿಗೆ ಅಡ್ಡಿಯಾಗುವುದೆಂದು ಅದನ್ನು ತೆಗೆದಿಟ್ಟಿದ್ದನು. ಆಮೇಲೆ ದೊಡ್ಡ ಪಂದ್ಯಗಳಲ್ಲಿ ಆ ಯತ್ನವೇ ನಿಂತುಹೋಯಿತು. ಮುಖ ಮುಚ್ಚಿಕೊಳ್ಳುವವನು ಅಂಜುಬುರುಕನೆಂಬ ಭಾವನೆ ಬೇರೂರಿತು.

ಬಿಲ್ ಬರ್ಚ್‌ಮೋರ್ ಎಂಬ ಫೈಬರ್‌ಗ್ಲಾಸ್ ಕಂಪನಿಯ ನೌಕರನು ಪ್ಲಾಂಟನಿಗೆ ಪೆಟ್ಟು ಬಿದ್ದುದನ್ನು ಕಂಡು, ಗಾಜಿನ ನಾರಿನ ಮುಖವಾಡವೊಂದನ್ನು ಮಾಡಿಕೊಡಲು ಮುಂದೆ ಬಂದನು. ಪ್ಲಾಂಟನ ಮುಖದ ಅಚ್ಚು ತೆಗೆದು, ಅದಕ್ಕೆ ಸರಿಹೊಂದುವಂತೆ ಅದನ್ನು ತಯಾರಿಸಲಾಯಿತು. ತರಬೇತುದಾರ ಟೋ ಬ್ಲೇಕ್ ಅಭ್ಯಾಸದ ಹೊತ್ತಿನಲ್ಲಿ ಮುಖವಾಡಕ್ಕೆ ಒಪ್ಪಿದನು, ಪಂದ್ಯದಲ್ಲಿ ಕೂಡದೆಂದನು. ಕಾಲ ಬುಡದಲ್ಲಿ ಬರುವ ಪಕ್ ಕಾಣದೆ ಹೋಗಬಹುದು, ರಕ್ಷಕನ ಎಚ್ಚರ ತಗ್ಗಬಹುದು ಎಂಬುದು ಅವನ ಶಂಕೆ. ಬ್ಲೇಕ್ ಕಠೋರನೇನೂ ಅಲ್ಲ. ತಾನು ಕಂಡುಬಂದ ಆಟವನ್ನೇ ನಂಬಿದವನು.

1959ರ ನವೆಂಬರ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ರೇಂಜರ್ಸ್ ತಂಡದೊಡನೆ ಪಂದ್ಯ. ಆಟ ಮೊದಲಾಗಿ ಮೂರು ನಿಮಿಷವಾಗಿತ್ತು. ಆ್ಯಂಡಿ ಬಾತ್‌ಗೇಟ್ ಹೊಡೆದ ಪಕ್ ನೇರವಾಗಿ ಪ್ಲಾಂಟನ ಮುಖಕ್ಕೆ ಬಡಿಯಿತು. ಮೂಗಿನಿಂದ ತುಟಿಯವರೆಗೆ ಸೀಳಿ ರಕ್ತ ಹರಿಯಿತು. ಅವನನ್ನು ಒಳಗೆ ಕರೆದೊಯ್ದು ಏಳು ಹೊಲಿಗೆ ಹಾಕಿದರು. ಆ ಕಾಲದಲ್ಲಿ ತಂಡಗಳು ಎರಡನೆಯ ಗೋಲುರಕ್ಷಕನನ್ನು ಜೊತೆಗೆ ಕರೆತರುತ್ತಿರಲಿಲ್ಲ. ಆಟ ನಿಂತಿತ್ತು, ಪ್ರೇಕ್ಷಕರು ಕಾಯುತ್ತಿದ್ದರು. ಮುಖವಾಡವಿಲ್ಲದೆ ತಾನು ಮರಳಿ ಇಳಿಯುವುದಿಲ್ಲವೆಂದು ಪ್ಲಾಂಟನು ತಿಳಿಸಿಬಿಟ್ಟನು. ಬ್ಲೇಕನಿಗೆ ಬೇರೆ ದಾರಿಯಿರಲಿಲ್ಲ. ಗಾಯ ಮಾಯುವವರೆಗೆ ಮಾತ್ರ ಎಂಬ ಷರತ್ತಿನೊಂದಿಗೆ ಒಪ್ಪಿದನು. ಹೊಲಿಗೆಯ ಮೇಲೆ ಮುಖವಾಡ ಧರಿಸಿ ಪ್ಲಾಂಟನು ಮತ್ತೆ ಬಲೆಯ ಮುಂದೆ ನಿಂತನು. ಮಾಂಟ್ರಿಯಲ್ 3–1ರಿಂದ ಗೆದ್ದಿತು.

ಗಾಯ ಮಾದ ಮೇಲೂ ಅವನು ಮುಖವಾಡವನ್ನು ತೆಗೆಯಲಿಲ್ಲ; ತಂಡವು ಸೋಲಿಲ್ಲದೆ ಮುಂದುವರಿಯುತ್ತಿದ್ದುದರಿಂದ ಬ್ಲೇಕನು ಒತ್ತಾಯಿಸಲೂ ಆಗಲಿಲ್ಲ. ಕೊನೆಗೆ ಅವನ ಕೋರಿಕೆಗೆ ಮಣಿದು 1960ರ ಮಾರ್ಚ್ 8ರಂದು ಪ್ಲಾಂಟನು ಬರಿಮುಖದಲ್ಲಿ ಆಡಿದನು. ಡೆಟ್ರಾಯಿಟ್ ತಂಡದೆದುರು 3–0ರ ಸೋಲು! ಮುಂದಿನ ಪಂದ್ಯಕ್ಕೆ ಮುಖವಾಡ ಮರಳಿತು. ಅಲ್ಲಿಗೆ ವಾದ ಮುಗಿಯಿತು.

1962ರಲ್ಲಿ ಲೀಗಿನ ಅತ್ಯಂತ ಮೌಲ್ಯಯುತ ಆಟಗಾರನೆಂದು ಹಾರ್ಟ್ ಪಾರಿತೋಷಕವನ್ನು ಪಡೆದನು. ಮರುವರ್ಷವೇ ಮಾಂಟ್ರಿಯಲ್ ತಂಡವು ಅವನನ್ನು ನ್ಯೂಯಾರ್ಕಿಗೆ ಬಿಟ್ಟುಕೊಟ್ಟಿತು. 1965ರಲ್ಲಿ ನಿವೃತ್ತನಾದನು, 1968ರಲ್ಲಿ ಸೇಂಟ್ ಲೂಯಿ ತಂಡಕ್ಕಾಗಿ ಮತ್ತೆ ಅಂಗಣಕ್ಕಿಳಿದನು. 1970ರ ಅಂತಿಮ ಸರಣಿಯಲ್ಲಿ ಪಕ್ಕಿನ ಪೆಟ್ಟಿಗೆ ಮುಖವಾಡವೇ ಬಿರುಕುಬಿಟ್ಟು ಅವನು ಪ್ರಜ್ಞೆ ತಪ್ಪಿ ಬಿದ್ದನು. ಅದು ಇಲ್ಲದಿದ್ದರೆ ತಾನು ಬದುಕುತ್ತಿರಲಿಲ್ಲವೆಂದು ಆಮೇಲೆ ಹೇಳಿಕೊಂಡನು. ನಲವತ್ತು ದಾಟಿದ ಮೇಲೂ ಟೊರಾಂಟೊ, ಬಾಸ್ಟನ್, ಎಡ್ಮಂಟನ್ ತಂಡಗಳಲ್ಲಿ ಆಡಿದನು. ಅಷ್ಟರಲ್ಲಿ ಬರಿಮುಖದ ಗೋಲುರಕ್ಷಕರು ವಿರಳವಾಗಿದ್ದರು. 1974ರ ಬಳಿಕ ನ್ಯಾಷನಲ್ ಹಾಕಿ ಲೀಗಿನಲ್ಲಿ ಅಂಥವರು ಒಬ್ಬರೂ ಉಳಿಯಲಿಲ್ಲ.

ಕೊನೆಯ ವರ್ಷಗಳಲ್ಲಿ ಪ್ಲಾಂಟನು ಸ್ವಿಟ್ಜರ್ಲೆಂಡಿನಲ್ಲಿ ನೆಲಸಿದನು. ಹೊಟ್ಟೆಯ ಕ್ಯಾನ್ಸರಿನಿಂದ 1986ರ ಫೆಬ್ರುವರಿ 27ರಂದು ಜಿನೀವಾದಲ್ಲಿ ತೀರಿಕೊಂಡನು. ಆ ದಿನಗಳಲ್ಲಿ ಕ್ವಿಬೆಕಿನ ಬಾಲಕರ ಹಾಕಿ ತಂಡವೊಂದು ಪಂದ್ಯಾವಳಿಗಾಗಿ ಆ ದೇಶಕ್ಕೆ ಬಂದಿತ್ತು. ಶವಪೆಟ್ಟಿಗೆಯನ್ನು ಇಗರ್ಜಿಯಿಂದ ಹೊರತರುವಾಗ ಆ ಹುಡುಗರು ಎರಡು ಸಾಲಾಗಿ ನಿಂತು, ತಮ್ಮ ಹಾಕಿಕೋಲುಗಳನ್ನು ಮೇಲೆತ್ತಿ ಕಮಾನಿನಂತೆ ಹಿಡಿದರು.