ನೆರೆಯವರ ಹೊಣೆಯನ್ನು ಕಾನೂನಾಗಿಸಿದ ಲಾರ್ಡ್ ಅಟ್ಕಿನ್

ಅನ್ಯರ ಅಜಾಗರೂಕತೆಯಿಂದ ಗಾಯಗೊಂಡವರು ನಷ್ಟ ಪರಿಹಾರ ಕೋರುವುದು ಇಂದು ಸರ್ವೇಸಾಮಾನ್ಯ. ರಸ್ತೆ ಅಪಘಾತ, ವೈದ್ಯಕೀಯ ನಿರ್ಲಕ್ಷ್ಯ, ಕೆಟ್ಟ ಆಹಾರ, ದೋಷಪೂರಿತ ಯಂತ್ರ ಮುಂತಾದ ಕಾರಣಗಳಿಗಾಗಿ ಜನರು ನ್ಯಾಯಾಲಯದ ಮೆಟ್ಟಿಲೇರುತ್ತಾರೆ. ಆದರೆ ನೂರು ವರ್ಷಗಳ ಹಿಂದೆ ಈ ಹಕ್ಕಿನ ವ್ಯಾಪ್ತಿ ಬಹಳ ಕಿರಿದಾಗಿತ್ತು. ಅದನ್ನು ಹಿಗ್ಗಿಸಿದವರ ಪೈಕಿ ಮೊದಲು ನೆನೆಯಬೇಕಾದ ಹೆಸರು ಬ್ರಿಟನ್ನಿನ ನ್ಯಾಯಮೂರ್ತಿ ಲಾರ್ಡ್ ಅಟ್ಕಿನ್ ಅವರದು. ಭಾರತದ ಕಾನೂನು ವಿದ್ಯಾರ್ಥಿಗಳು ಇಂದಿಗೂ ಅಪಕೃತ್ಯ ಕಾನೂನಿನ ಪಾಠವನ್ನು ಅವರ ತೀರ್ಪಿನ ಮೂಲಕವೇ ಕಲಿಯುತ್ತಾರೆ.

ತಂದೆಯಿಲ್ಲದ ಬಾಲ್ಯ

ಜೇಮ್ಸ್ ರಿಚರ್ಡ್ ಅಟ್ಕಿನ್ ಜನಿಸಿದ್ದು 1867ರ ನವೆಂಬರ್ 28ರಂದು, ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ. ತಂದೆ ರಾಬರ್ಟ್ ಐರ್ಲೆಂಡಿನವರು, ತಾಯಿ ಮೇರಿ ವೇಲ್ಸ್ ಮೂಲದವರು. ಕುರಿ ಸಾಕಣೆ ಮಾಡಿ ಬದುಕು ಕಟ್ಟಿಕೊಳ್ಳುವ ಆಸೆಯಿಂದ ದಂಪತಿ ಕ್ವೀನ್ಸ್‌ಲ್ಯಾಂಡಿಗೆ ವಲಸೆ ಹೋಗಿದ್ದರು. ಕುದುರೆಯಿಂದ ಬಿದ್ದು ತೀವ್ರವಾಗಿ ಗಾಯಗೊಂಡ ರಾಬರ್ಟ್ ಆ ಕಸುಬನ್ನು ಬಿಡಬೇಕಾಯಿತು. ಬಳಿಕ ಅವರು ಪತ್ರಿಕೋದ್ಯಮ ಹಾಗೂ ರಾಜಕೀಯದಲ್ಲಿ ಹೆಸರು ಮಾಡಿದರೂ 1872ರಲ್ಲಿ ಅಕಾಲ ಮರಣಕ್ಕೆ ತುತ್ತಾದರು. ಅದಕ್ಕೆ ಮೊದಲೇ ತಾಯಿ ಮಕ್ಕಳೊಂದಿಗೆ ವೇಲ್ಸ್‌ಗೆ ಮರಳಿದ್ದರು. ಡವಿ ನದಿಯ ದಂಡೆಯಲ್ಲಿದ್ದ ಅಜ್ಜಿಯ ಮನೆಯಲ್ಲಿ ಬಾಲಕ ಅಟ್ಕಿನ್ ಬೆಳೆದರು.

ಆಕ್ಸ್‌ಫರ್ಡ್‌ನ ಮ್ಯಾಗ್ಡಲೆನ್ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಪಡೆದು ಓದಿದ ಅವರು 1891ರಲ್ಲಿ ವಕೀಲಿ ವೃತ್ತಿಗೆ ಇಳಿದರು. ಆರಂಭದ ದಿನಗಳಲ್ಲಿ ಕಕ್ಷಿದಾರರು ಬರುವುದೇ ಅಪರೂಪವಾಗಿತ್ತು. 1893ರಲ್ಲಿ ಲೂಸಿ ಎಲಿಜಬೆತ್ ಹೆಮ್ಮಂಟ್ ಅವರನ್ನು ವಿವಾಹವಾದರು. ದಂಪತಿಗೆ ಆರು ಹೆಣ್ಣುಮಕ್ಕಳು, ಇಬ್ಬರು ಗಂಡುಮಕ್ಕಳು. ಹಿರಿಯ ಮಗ ಮೊದಲ ಮಹಾಯುದ್ಧದಲ್ಲಿ ಬಲಿಯಾದನು. 1913ರಲ್ಲಿ ಹೈಕೋರ್ಟ್ ನ್ಯಾಯಾಧೀಶರಾಗಿ, 1919ರಲ್ಲಿ ಮೇಲ್ಮನವಿ ನ್ಯಾಯಾಲಯದ ನ್ಯಾಯಮೂರ್ತಿಯಾಗಿ, 1928ರಲ್ಲಿ ಅತ್ಯುನ್ನತ ಪೀಠವಾದ ಹೌಸ್ ಆಫ್ ಲಾರ್ಡ್ಸ್‌ನ ಸದಸ್ಯರಾಗಿ ಅಟ್ಕಿನ್ ಹಂತ ಹಂತವಾಗಿ ಮೇಲೇರಿದರು. ತಾವು ನೆಲೆಸಿದ್ದ ವೇಲ್ಸ್‌ನ ಅಬರ್‌ಡವಿ ಎಂಬ ಊರಿನ ಹೆಸರನ್ನೇ ತಮ್ಮ ಪದವಿಯೊಂದಿಗೆ ಸೇರಿಸಿಕೊಂಡರು.

ತಾಯಿಯ ಆಘಾತಕ್ಕೂ ಬೆಲೆ

ಗಾಯವೆಂದರೆ ರಕ್ತ ಹರಿಯಲೇಬೇಕೇ ಎಂಬ ಪ್ರಶ್ನೆ ಅವರ ಮುಂದೆ ಬಂದಿತು. ಫೋಕ್‌ಸ್ಟನ್ ಪಟ್ಟಣದ ಇಳಿಜಾರು ಬೀದಿಯೊಂದರ ಮೇಲ್ತುದಿಯಲ್ಲಿ ಚಾಲಕನಿಲ್ಲದೆ ನಿಲ್ಲಿಸಿದ್ದ ಲಾರಿ ತಾನಾಗಿಯೇ ಉರುಳತೊಡಗಿತು. ಆಗತಾನೇ ಮಕ್ಕಳನ್ನು ಶಾಲೆಯ ದಾರಿಗೆ ಬಿಟ್ಟಿದ್ದ ತಾಯಿಯೊಬ್ಬಳು ಅದನ್ನು ಕಂಡು, ತಿರುವಿನಾಚೆ ಮರೆಯಾದ ಮಕ್ಕಳಿಗೆ ಏನಾಯಿತೋ ಎಂಬ ಭಯದಿಂದ ಆಘಾತಕ್ಕೊಳಗಾದಳು. ಗರ್ಭಿಣಿಯಾಗಿದ್ದ ಆಕೆ ಮುಂದೆ ಅದೇ ಕಾರಣದಿಂದ ಸಾವನ್ನಪ್ಪಿದಳು.

ತನ್ನ ಪ್ರಾಣಕ್ಕೆ ಅಂಜಿ ಆಘಾತಗೊಂಡವರಿಗೆ ಮಾತ್ರ ಪರಿಹಾರ ಎಂಬುದು ಅಲ್ಲಿಯವರೆಗೆ ಪ್ರಚಲಿತದಲ್ಲಿದ್ದ ನಿಲುವು. ಇದನ್ನು ಒಪ್ಪಿದರೆ, ತನ್ನ ಜೀವಕ್ಕೆ ಹೆದರಿದ ತಾಯಿಗೆ ಪರಿಹಾರ ಸಿಗುತ್ತದೆ, ಮಕ್ಕಳ ಜೀವಕ್ಕೆ ಹೆದರಿದ ತಾಯಿಗೆ ಸಿಗುವುದಿಲ್ಲ. ಮೂವರು ನ್ಯಾಯಮೂರ್ತಿಗಳ ಪೀಠದಲ್ಲಿ ಅಟ್ಕಿನ್ ಸೇರಿದಂತೆ ಇಬ್ಬರು ಈ ಅಸಂಗತತೆಯನ್ನು ತಳ್ಳಿಹಾಕಿ ಆಕೆಯ ಪತಿಯ ಪರ ನಿಂತರು.

ಬಾಟಲಿಯೊಳಗಿನ ಬಸವನಹುಳು

ಅಟ್ಕಿನ್ ಹೆಸರನ್ನು ಶಾಶ್ವತಗೊಳಿಸಿದ್ದು ಮೇ ಡೊನೊಹ್ಯೂ ಎಂಬ ಬಡ ಮಹಿಳೆಯ ಮೊಕದ್ದಮೆ. ಗ್ಲಾಸ್ಗೋ ನಗರದ ಅಂಗಡಿಯೊಂದರಲ್ಲಿ ಮಾರಾಟ ಸಹಾಯಕಿಯಾಗಿದ್ದ ಆಕೆ 1928ರ ಆಗಸ್ಟ್ 26ರಂದು ಗೆಳತಿಯೊಡನೆ ಸಮೀಪದ ಪೇಸ್ಲಿ ಪಟ್ಟಣದ ಕೆಫೆಯೊಂದಕ್ಕೆ ಹೋದಳು. ಗೆಳತಿ ಹಣ ಕೊಟ್ಟು ಆಕೆಗಾಗಿ ಐಸ್‌ಕ್ರೀಂ ಹಾಗೂ ಜಿಂಜರ್ ಬಿಯರ್ ಎಂಬ ಶುಂಠಿ ಪಾನೀಯ ತರಿಸಿದಳು. ಬಾಟಲಿ ಗಾಢ ಬಣ್ಣದ್ದಾಗಿದ್ದರಿಂದ ಒಳಗೇನಿದೆ ಎಂಬುದು ಕಾಣುವಂತಿರಲಿಲ್ಲ. ಅರ್ಧ ಕುಡಿದ ಬಳಿಕ ಉಳಿದದ್ದನ್ನು ಸುರಿದಾಗ ಕೊಳೆತ ಬಸವನಹುಳು ಹೊರಬಿತ್ತು ಎಂಬುದು ಆಕೆಯ ದೂರು. ಅಸ್ವಸ್ಥಳಾದ ಆಕೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬೇಕಾಯಿತು.

ಇಲ್ಲಿ ಆಕೆ ಯಾರ ಮೇಲೆ ದಾವೆ ಹೂಡಬೇಕು? ಪಾನೀಯ ಖರೀದಿಸಿದವಳು ಗೆಳತಿ. ಆದ್ದರಿಂದ ಕೆಫೆಯೊಂದಿಗೆ ಮೇ ಡೊನೊಹ್ಯೂಗೆ ಯಾವ ಕರಾರೂ ಇರಲಿಲ್ಲ. ಪಾನೀಯ ತಯಾರಿಸಿದ ಡೇವಿಡ್ ಸ್ಟೀವನ್‌ಸನ್ ಜತೆಗಂತೂ ಇರಲೇ ಇಲ್ಲ. ಕರಾರಿಲ್ಲದಿದ್ದರೆ ಸಾಮಾನ್ಯವಾಗಿ ಹೊಣೆಯೂ ಇಲ್ಲ ಎಂಬುದು ಅಂದಿನ ನ್ಯಾಯಾಲಯಗಳು ಪಾಲಿಸುತ್ತಿದ್ದ ಸೂತ್ರ. 1842ರಲ್ಲಿ ದೋಷಪೂರಿತ ಅಂಚೆ ಗಾಡಿಯಿಂದ ಗಾಯಗೊಂಡ ಚಾಲಕನೊಬ್ಬ ಇದೇ ಕಾರಣಕ್ಕೆ ಸೋತಿದ್ದನು. ಗಾಡಿಯನ್ನು ಸುಸ್ಥಿತಿಯಲ್ಲಿಡುವ ಕರಾರು ಇದ್ದದ್ದು ಅಂಚೆ ಇಲಾಖೆಯ ಮುಖ್ಯಸ್ಥರೊಂದಿಗೆ, ಚಾಲಕನೊಂದಿಗಲ್ಲ.

ವಕೀಲ ವಾಲ್ಟರ್ ಲೀಚ್‌ಮನ್ ಆಕೆಯ ಪರವಾಗಿ 500 ಪೌಂಡ್ ಪರಿಹಾರ ಕೋರಿ ದಾವೆ ಹೂಡಿದರು. ಪಾನೀಯದ ಬಾಟಲಿಯಲ್ಲಿ ಇಲಿ ಸಿಕ್ಕ ಇಂತಹುದೇ ಪ್ರಕರಣದಲ್ಲಿ ಅವರು ಆಗಷ್ಟೇ ಸೋತಿದ್ದರು. ಸ್ಕಾಟ್ಲೆಂಡಿನ ಮೇಲ್ಮನವಿ ಹಂತದಲ್ಲಿ ಮೇ ಡೊನೊಹ್ಯೂ ಕೂಡ ಸೋತಳು. ಲಂಡನ್ನಿಗೆ ಹೋಗಲು ಹಣವಿರಲಿಲ್ಲ. ತನ್ನಲ್ಲಿ ಐದು ಪೌಂಡ್ ಬೆಲೆಯ ಆಸ್ತಿಯೂ ಇಲ್ಲವೆಂದು ಪ್ರಮಾಣ ಮಾಡಿ ನಿರ್ಗತಿಕಳೆಂದು ಪರಿಗಣಿಸಲ್ಪಟ್ಟ ಬಳಿಕವೇ ಆಕೆಯ ಮೇಲ್ಮನವಿಗೆ ದಾರಿಯಾಯಿತು.

1932ರ ಮೇ 26ರಂದು ಹೌಸ್ ಆಫ್ ಲಾರ್ಡ್ಸ್ ತೀರ್ಪು ನೀಡಿತು. ಐವರಲ್ಲಿ ಮೂವರು ಆಕೆಯ ಪರ, ಇಬ್ಬರು ವಿರುದ್ಧ. ಬಹುಮತದ ಮುಖ್ಯ ತೀರ್ಪು ಬರೆದವರು ಅಟ್ಕಿನ್. ನೆರೆಯವರನ್ನು ಪ್ರೀತಿಸಬೇಕೆಂಬ ಬೈಬಲ್ಲಿನ ಬೋಧನೆಯನ್ನು ಕಾನೂನಿನ ಭಾಷೆಗೆ ತಂದ ಅವರು, ನೆರೆಯವರಿಗೆ ಹಾನಿ ಮಾಡದಿರುವುದು ಕಾನೂನಿನ ಕರ್ತವ್ಯ ಎಂದರು. ಇಲ್ಲಿ ನೆರೆಯವರೆಂದರೆ ಪಕ್ಕದ ಮನೆಯವರಲ್ಲ. ನಮ್ಮ ಕೃತ್ಯದಿಂದ ನೇರವಾಗಿ ಬಾಧಿತರಾಗಬಹುದೆಂದು ನಾವು ಮುಂದಾಗಿಯೇ ಊಹಿಸಬೇಕಾದ ಎಲ್ಲರೂ ನೆರೆಯವರೇ. ಮುಚ್ಚಿದ ಬಾಟಲಿಯ ಪಾನೀಯ ತಯಾರಕನಿಗೆ, ಅದನ್ನು ಕುಡಿಯುವ ಅಪರಿಚಿತ ಮಹಿಳೆಯೂ ನೆರೆಯವಳು.

ಪರಿಹಾರಕ್ಕೆ ನಾಲ್ಕು ಪ್ರಶ್ನೆಗಳು

ನಿರ್ಲಕ್ಷ್ಯದ ಪ್ರಕರಣಗಳಲ್ಲಿ ನ್ಯಾಯಾಲಯಗಳು ಇಂದು ಕೇಳುವ ಪ್ರಶ್ನೆಗಳಿಗೆ ಈ ತೀರ್ಪೇ ತಳಹದಿ. ಎದುರಾಳಿಗೆ ಎಚ್ಚರಿಕೆ ವಹಿಸುವ ಹೊಣೆ ಇತ್ತೇ? ಆ ಹೊಣೆಯಲ್ಲಿ ಅವನು ತಪ್ಪಿದನೇ? ಆ ತಪ್ಪಿನಿಂದಲೇ ಹಾನಿ ಉಂಟಾಯಿತೇ? ಆ ಹಾನಿ ಕಾನೂನು ಪರಿಗಣಿಸುವಂತಹುದೇ? ಈ ನಾಲ್ಕನ್ನೂ ಸಾಬೀತುಪಡಿಸುವ ಭಾರ ಸಾಮಾನ್ಯವಾಗಿ ಗಾಯಗೊಂಡವರ ಮೇಲಿರುತ್ತದೆ. ಹೀಗಾಗಿ ಚಿಕಿತ್ಸೆಯ ದಾಖಲೆ, ರಸೀದಿ, ದೋಷಪೂರಿತ ವಸ್ತು, ಕಂಡವರ ಸಾಕ್ಷ್ಯ ಇವುಗಳನ್ನು ಮೊದಲ ದಿನದಿಂದಲೇ ಕಾಪಾಡಿಕೊಳ್ಳುವುದು ಅಗತ್ಯ.

ಬಾಟಲಿಯಲ್ಲಿ ಬಸವನಹುಳು ನಿಜಕ್ಕೂ ಇತ್ತೇ ಎಂಬುದು ಮಾತ್ರ ಕೊನೆಗೂ ಸಾಬೀತಾಗಲಿಲ್ಲ. ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ್ದು ಕಾನೂನಿನ ಪ್ರಶ್ನೆಯನ್ನಷ್ಟೇ. ಸಾಕ್ಷ್ಯ ವಿಚಾರಣೆ ನಡೆಯುವ ಮುನ್ನವೇ ಸ್ಟೀವನ್‌ಸನ್ ತೀರಿಕೊಂಡರು. ಬಳಿಕ ಪ್ರಕರಣ 200 ಪೌಂಡ್‌ಗೆ ರಾಜಿಯಲ್ಲಿ ಮುಗಿಯಿತು. ಮೇ ಡೊನೊಹ್ಯೂ 1958ರಲ್ಲಿ ನಿಧನಳಾದಳು.

ಒಂಟಿ ದನಿ

ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ, ಅಟ್ಕಿನ್ ಮತ್ತೊಂದು ಪರೀಕ್ಷೆ ಎದುರಿಸಿದರು. ವಿಚಾರಣೆಯಿಲ್ಲದೆ ಬಂಧನದಲ್ಲಿದ್ದ ಲಿವರ್ಸಿಜ್ ಎಂಬಾತ ಅಕ್ರಮ ಬಂಧನಕ್ಕಾಗಿ ಗೃಹ ಸಚಿವರ ವಿರುದ್ಧ ಪರಿಹಾರ ಕೋರಿ ದಾವೆ ಹೂಡಿದ್ದನು. ಬಂಧನಕ್ಕೆ ಕಾರಣವಿದೆಯೆಂದು ಸಚಿವರು ನಂಬಿದರೆ ಸಾಕೆಂದು ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಆ ಕಾರಣ ಸಮಂಜಸವೇ ಎಂದು ಪರಿಶೀಲಿಸುವ ಅಧಿಕಾರ ನ್ಯಾಯಾಲಯಕ್ಕಿದೆಯೆಂದು ಅಟ್ಕಿನ್ ಒಬ್ಬರೇ ಭಿನ್ನ ತೀರ್ಪು ಬರೆದರು. ಸಹೋದ್ಯೋಗಿಗಳ ಮುನಿಸನ್ನೂ ಪತ್ರಿಕೆಯಲ್ಲಿ ಬಹಿರಂಗ ಟೀಕೆಯನ್ನೂ ಸಹಿಸಬೇಕಾಯಿತು. 1944ರ ಜೂನ್ 25ರಂದು ಅವರು ಅಬರ್‌ಡವಿಯಲ್ಲಿ ಕೊನೆಯುಸಿರೆಳೆದರು. ಬಹುಮತದ ನಿಲುವೇ ತಪ್ಪಾಗಿತ್ತೆಂದು ಬ್ರಿಟನ್ನಿನ ಅದೇ ಪೀಠ ಒಪ್ಪಿಕೊಂಡಾಗ ಅವರು ತೀರಿಕೊಂಡು ಮೂರು ದಶಕಗಳಿಗೂ ಹೆಚ್ಚು ಕಾಲವಾಗಿತ್ತು.

ಭಾರತದಲ್ಲಿ ಅಟ್ಕಿನ್

ಭಾರತಕ್ಕೆ ಅಟ್ಕಿನ್ ಅಪರಿಚಿತರಲ್ಲ. ಆ ಕಾಲದಲ್ಲಿ ಇಲ್ಲಿನ ಅಂತಿಮ ಮೇಲ್ಮನವಿಗಳನ್ನು ಆಲಿಸುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ನಲ್ಲಿ ಅವರೂ ಕುಳಿತಿದ್ದರು. ತಪ್ಪೊಪ್ಪಿಗೆ ಎಂದರೇನು ಎಂಬುದನ್ನು ವಿವರಿಸಿದ 1939ರ ಪಾಕಾಲ ನಾರಾಯಣಸ್ವಾಮಿ ಪ್ರಕರಣದ ತೀರ್ಪು ಅವರದೇ. ಸ್ವಾತಂತ್ರ್ಯಾನಂತರವೂ ಭಾರತೀಯ ನ್ಯಾಯಾಲಯಗಳು ನಿರ್ಲಕ್ಷ್ಯದ ಪ್ರಕರಣಗಳಲ್ಲಿ ಅವರ ನೆರೆಯವರ ತತ್ವವನ್ನು ಬಳಸುತ್ತ ಬಂದಿವೆ.

ಇದೇ ಘಟನೆ ಇಂದು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ನಡೆದಿದ್ದರೆ ಮೇ ಡೊನೊಹ್ಯೂ ಇಷ್ಟು ಅಲೆಯಬೇಕಾಗಿರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಖರೀದಿಸಿದವರ ಒಪ್ಪಿಗೆಯಿಂದ ವಸ್ತುವನ್ನು ಬಳಸುವವರೂ ಗ್ರಾಹಕರೇ. ದೋಷಪೂರಿತ ಉತ್ಪನ್ನದಿಂದ ಹಾನಿಯಾದರೆ ತಯಾರಕರೇ ಹೊಣೆಗಾರರೆಂದು ಅದರ ಪ್ರತ್ಯೇಕ ಅಧ್ಯಾಯ ಹೇಳುತ್ತದೆ. ಗಾಯದೊಂದಿಗೆ ಬರುವ ಮಾನಸಿಕ ಯಾತನೆಯೂ ಹಾನಿಯ ವ್ಯಾಖ್ಯೆಯಲ್ಲಿ ಸೇರಿದೆ. ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ವಕೀಲರಿಲ್ಲದೆ ಸ್ವತಃ ವಾದಿಸಲೂ ಅವಕಾಶವಿದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳಿವೆ.

ಐದು ಪೌಂಡ್ ಬೆಲೆಯ ಆಸ್ತಿಯೂ ಇಲ್ಲದ ಮಹಿಳೆಯ ದೂರನ್ನು ದೇಶದ ಅತ್ಯುನ್ನತ ಪೀಠ ಆಲಿಸಿತು. ಒಬ್ಬ ನ್ಯಾಯಮೂರ್ತಿಯ ಮತ ಅತ್ತಿತ್ತ ಆಗಿದ್ದರೂ ಆಕೆ ಬರಿಗೈಯಲ್ಲಿ ಮರಳುತ್ತಿದ್ದಳು. ಆ ಅಂತರ ಎಷ್ಟು ಕಿರಿದಾಗಿತ್ತೆಂಬುದನ್ನು ನೆನೆದಾಗ, ಇಂದು ಪರಿಹಾರ ಕೇಳಲು ಹೊರಟವರಿಗೆ ಅಟ್ಕಿನ್ ಬಿಟ್ಟುಹೋದ ಆಸ್ತಿಯ ಮೌಲ್ಯ ಅರಿವಾಗುತ್ತದೆ.