ಕುದುರೆ ಕ್ರೂಗರ್

ಬೋಧನಾಭ್ಯಾಸದ ಎರಡನೇ ವಾರ ಆರನೇ ತರಗತಿಗೆ ಪ್ರಾಣಿಗಳ ಚಲನೆಯ ಪಾಠ ಮಾಡುತ್ತಿದ್ದೆ. ಕಪ್ಪುಹಲಗೆಯ ಮೇಲೆ ನಾನು ಬರೆದ ಕುದುರೆ, ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಮಕ್ಕಳು ನಕ್ಕರು. ನಾನು ನೋಡಿದ್ದು ಮಾತ್ರ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ವೀಕ್ಷಕರ ಮುಖವನ್ನು. ಆ ಸಂಜೆ ಗ್ರಂಥಾಲಯದಲ್ಲಿ ಕುದುರೆಯ ಚಿತ್ರಗಳನ್ನು ಹುಡುಕುವಾಗ ಫ್ರಾಂಟ್ಸ್ ಕ್ರೂಗರ್ ಸಿಕ್ಕರು.

ಅವರು ಹುಟ್ಟಿದ್ದು 1797ರಲ್ಲಿ, ಜರ್ಮನಿಯ ಅನ್‌ಹಾಲ್ಟ್ ಸೀಮೆಯ ಗ್ರೋಸ್‌ಬಾಡೆಗಾಸ್ಟ್ ಎಂಬ ಹಳ್ಳಿಯಲ್ಲಿ. ಪಕ್ಷಿಶಾಸ್ತ್ರಜ್ಞ ನೌಮನ್ ಅವರ ಪರಿಚಯವಾಗಿ ಹುಡುಗನಾಗಿದ್ದಾಗಲೇ ಹಕ್ಕಿಗಳ ಚಿತ್ರ ಬರೆಯತೊಡಗಿದರು. ವಿಜ್ಞಾನ ಓದಿದ ನನಗೆ ಈ ಸಂಗತಿ ತುಂಬ ಹಿಡಿಸಿತು. ಬರ್ಲಿನ್‌ನ ಕಲಾ ಅಕಾಡೆಮಿಯಲ್ಲಿ ಸ್ವಲ್ಪ ಕಾಲ ಇದ್ದರೂ ಬಹುಪಾಲು ಸ್ವಂತ ಕಲಿಕೆಯೇ. ಬೇಟೆ, ಸೈನಿಕರು, ಕುದುರೆಗಳ ಚಿತ್ರಗಳಿಂದ ಹೆಸರಾಗಿ ಜನರ ಬಾಯಲ್ಲಿ ಕುದುರೆ ಕ್ರೂಗರ್ ಆದರು. 1825ರಲ್ಲಿ ಪ್ರಶ್ಯದ ಆಸ್ಥಾನ ಚಿತ್ರಕಾರರಾದರು.

ರಷ್ಯದ ರಾಜಕುಮಾರ ನಿಕೊಲಸ್ ಪ್ರಶ್ಯದ ದೊರೆಯ ಅಳಿಯ. ಬರ್ಲಿನ್‌ನ ಒಪೆರಾ ಚೌಕದಲ್ಲಿ ತನ್ನ ಅಶ್ವದಳ ಮಾವನ ಮುಂದೆ ಸಾಗಿದ ಪಥಸಂಚಲನವನ್ನು ಚಿತ್ರಿಸಿಕೊಡಲು ಕ್ರೂಗರ್ ಅವರಿಗೆ ಹೇಳಿದ. 1824ರಲ್ಲಿ ಹಿಡಿದ ಕೆಲಸ ಮುಗಿದದ್ದು 1830ರಲ್ಲಿ. ಅಷ್ಟರಲ್ಲಿ ನಿಕೊಲಸ್ ಚಕ್ರವರ್ತಿಯಾಗಿದ್ದ. ಸುಮಾರು ಎರಡೂವರೆ ಮೀಟರ್ ಎತ್ತರ, ಮೂರೂ ಮುಕ್ಕಾಲು ಮೀಟರ್ ಅಗಲದ ಚಿತ್ರ ಅದು. ದೊರೆ, ಅಳಿಯ, ಸೈನ್ಯ ಎಲ್ಲ ಅದರಲ್ಲಿದೆ, ಆದರೆ ದೂರದಲ್ಲಿ, ಸಣ್ಣದಾಗಿ. ನಮ್ಮ ಕಣ್ಣಿಗೆ ಹತ್ತಿರ ನಿಂತವರು ನೋಡಲು ಬಂದ ಬರ್ಲಿನ್ ಜನ. ಅವರ ನಡುವೆ ವಾಸ್ತುಶಿಲ್ಪಿ ಶಿಂಕೆಲ್, ಶಿಲ್ಪಿ ರೌಖ್, ಪಿಟೀಲುವಾದಕ ಪಗನೀನಿ ಇದ್ದಾರೆ. ಅಂದಾಜಿನ ಮುಖಗಳಲ್ಲ ಇವು. ಅನೇಕರನ್ನು ಎದುರಿಗಿಟ್ಟುಕೊಂಡು ಒಬ್ಬೊಬ್ಬರದೂ ಬೇರೆ ರೇಖಾಚಿತ್ರ ಮಾಡಿಕೊಂಡಿದ್ದರು. ದುಡ್ಡು ಕೊಟ್ಟವನು ಹಿಂದೆ, ನೋಡಲು ಬಂದವರು ಮುಂದೆ!

ಇಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟೆ. ನನ್ನ ತರಗತಿಯಲ್ಲಿ 42 ಮಕ್ಕಳು. ಎರಡು ವಾರದಲ್ಲಿ ನನಗೆ ಹೆಸರು ಗೊತ್ತಾಗಿದ್ದದ್ದು ಒಂಬತ್ತು ಮಕ್ಕಳದ್ದು. ವೀಕ್ಷಣಾ ನಮೂನೆಯ ಅಂಶಗಳು ಮಾತ್ರ ಒಂದೂ ಬಿಡದೆ ಬಾಯಿಪಾಠವಾಗಿದ್ದವು.

ಈ ಚಿತ್ರದಿಂದ ಚಕ್ರವರ್ತಿಯ ಒಲವೇನೂ ಕಡಿಮೆಯಾಗಲಿಲ್ಲ. ಕ್ರೂಗರ್ ಹಲವು ಬಾರಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಗಿ ಅಲ್ಲಿನ ಆಸ್ಥಾನಕ್ಕೆ ಚಿತ್ರ ಬರೆದರು. ಕುದುರೆಯೇರಿದ ಮೊದಲನೇ ಅಲೆಕ್ಸಾಂಡರ್‌ನ ದೊಡ್ಡ ಚಿತ್ರ ಅಲ್ಲಿನ ಚಳಿಗಾಲದ ಅರಮನೆಯಲ್ಲಿ ಈಗಲೂ ಇದೆ. 1857ರಲ್ಲಿ ಬರ್ಲಿನ್‌ನಲ್ಲಿ ತೀರಿಕೊಂಡರು.

1836ರ ಅವರ ಇನ್ನೊಂದು ಚಿತ್ರ ನನಗೆ ಇಷ್ಟ. ರಾಜಕುಮಾರ ವಿಲ್ಹೆಲ್ಮ್ ಸವಾರಿ ಹೊರಟಿದ್ದಾನೆ. ಅವನ ಜೊತೆಗೆ ಇನ್ನೊಂದು ಕುದುರೆಯ ಮೇಲೆ ಕುಳಿತಿರುವವರು ಕ್ರೂಗರ್ ಅವರೇ.